ತಲೆಯಾಡಿಸಿದ ಸಾಕ್ಷಿ

ನಾಪೋಕ್ಲು
11 ನವೆಂಬರ್ 2024

ಅಪ್ಪನಿಗೆ ಮೋಕ್ಷಿಯ ನಮಸ್ಕಾರ.

ಫೋನ್ ಮಾಡಿದರೆ ಎರಡು ಸಲ ಹಲೋ ಅಂದು ಕಟ್ ಮಾಡುತ್ತೀರಿ. ಕೇಳಿದರೆ ಕುಟ್ಟದಲ್ಲಿ ಟವರ್ ಇಲ್ಲ ಅನ್ನುತ್ತೀರಿ. ನಿಮ್ಮ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಅದೇ ಕುಟ್ಟದಿಂದ ದಿನಕ್ಕೊಂದು ವಿಡಿಯೋ ಹಾಕುತ್ತಾನೆ, ಅವನಿಗೆ ಟವರ್ ಎಲ್ಲಿಂದ ಬರುತ್ತದೋ ನಾ ಕಾಣೆ. ಇರಲಿ. ಬಸ್ಸಿನ ಕಂಡಕ್ಟರ್ ಅನಿಲ್‌ಕುಮಾರ್ ಕೈಯಲ್ಲಿ ಈ ಕಾಗದ ಕೊಟ್ಟಿದ್ದೇನೆ. ಉತ್ತರವನ್ನೂ ಅವನಿಗೇ ಕೊಡಿ.

ಲಾರಿ ನೋಡಿಕೊಂಡು ಬನ್ನಿ ಎಂದು ನಿಮ್ಮನ್ನು ಸುಂಟಿಕೊಪ್ಪಕ್ಕೆ ಕಳಿಸಿದರೆ ನೀವು ಲಾರಿ ಮಾರುವ ಪರಮೇಶಪ್ಪನವರಿಗೆ ಅಡ್ವಾನ್ಸೇ ಕೊಟ್ಟು ಬಂದಿರಿ. ಅದು ನಾನು ವ್ಯಾಪಾರಿಗಳ ಪಿಕಪ್ ಓಡಿಸಿ, ಅವರ ಬೈಗುಳ ತಿಂದು, ಕೂಡಿಟ್ಟ ದುಡ್ಡು. ನನಗೆ ನನ್ನದೇ ಲಾರಿ ಬೇಕು. ಇಲ್ಲಿಂದ ಕುಶಾಲನಗರದ ಕ್ಯೂರಿಂಗ್ ಕಾರ್ಖಾನೆಗೆ ನಾನೇ ಕಾಫಿ ಹೊರಬೇಕು, ಇನ್ನೊಬ್ಬರ ಕೀಲಿಗೆ ಕೈಯೊಡ್ಡಬಾರದು. ಅಷ್ಟೇ ನನ್ನ ಆಸೆ. ಆದ್ದರಿಂದಲೇ ಈ ವಿಷಯದಲ್ಲಿ ನಾನು ಬಿಗಿ.

ಪರಮೇಶಪ್ಪನವರು ನಮ್ಮ ದೇವರ ಆಣೆಯನ್ನೇ ಹಾಕಿದ್ದಾರೆಂದು ಅಮ್ಮ ಹೇಳಿದರು, "ಇಗ್ಗುತ್ತಪ್ಪನ ಆಣೆ ಹಾಕಿಟೊಳೊ, ಎಲ್ಲ ಹೊಸತು ಅಂತೆ." ಎಲ್ಲ ಅಂದರೆ ಯಾವುದಪ್ಪ? ಬಣ್ಣವನ್ನು ಯಾರು ಬೇಕಾದರೂ ಹೊಡೆಸುತ್ತಾರೆ. ಎಂಜಿನ್ನಿನ ಬಲವನ್ನು ಹಿಂದಿನ ಚಕ್ರಕ್ಕೆ ಒಯ್ಯುವ ಸಾಮಾನುಗಳ ಮಾತು ಹೇಳಿ. ಗೇರ್‌ಬಾಕ್ಸು ಬಿಚ್ಚಿದ್ದೋ ಬಿಚ್ಚದ್ದೋ? ಉದ್ದದ ಶಾಫ್ಟಿನ ಜಾಯಿಂಟುಗಳು ಯಾವಾಗಿನವು? ಹಿಂದಿನ ಹೌಸಿಂಗಿನೊಳಗೆ ಚಕ್ರ ತಿರುಗಿಸುವ ಕ್ರೌನು, ಪಿನಿಯನ್ನು ಕಂಪನಿಯದೋ, ಗುಜರಿಯದೋ? ಮೂವತ್ತು ವರ್ಷ ಲಾರಿ ಓಡಿಸಿದವರು ನೀವು. ಕೇಳದೆ ಬಂದಿರಲಾರಿರಿ. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯಿರಿ.

ನೀವು ಬರೆದರೂ ನಾನು ಹೋಗಿ ಲಾರಿಯ ಅಡಿಗೆ ಮಲಗಿ ನೋಡುವವಳೇ.

ನಿಮ್ಮ ಮಗಳು,
ಮೋಕ್ಷಿತಾ

*

ಕುಟ್ಟ
16 ನವೆಂಬರ್ 2024

ಮೋಕ್ಷಿಗೆ ಅಪ್ಪ ಬರೆಯುವುದು.

ಕಾಗದ ಸಿಕ್ಕಿತು. ನಿನ್ನ ನಾಲಿಗೆ ಉದ್ದ ಎಂದು ಗೊತ್ತಿತ್ತು, ಪೆನ್ನೂ ಉದ್ದ ಎಂದು ಈಗ ಗೊತ್ತಾಯಿತು.

ಪರಮೇಶಪ್ಪನವರು ನನಗೆ ಧಣಿಯಾಗಿದ್ದವರು. ಕ್ಲೀನರ್ ಆಗಿ ಹೋದವನ ಕೈಗೆ ಸ್ಟೇರಿಂಗ್ ಕೊಟ್ಟು ಲೈಸೆನ್ಸ್ ಮಾಡಿಸಿದವರು. ಅಂಥವರು ಇಗ್ಗುತ್ತಪ್ಪನ ಹೆಸರು ಎತ್ತಿದ ಮೇಲೆ ಮುಗಿಯಿತು. ಆಣೆ ಆದ ಮೇಲೆ ಸ್ಪ್ಯಾನರ್ ಹಿಡಿದು ಹೋಗುವುದೆಂದರೆ ದೇವರ ಮೇಲೇ ಸ್ಪ್ಯಾನರ್ ಇಟ್ಟ ಹಾಗೆ. ನಮ್ಮ ಕಡೆ ಯಾರೂ ಹಾಗೆ ಮಾಡಿದ್ದು ನಾನು ನೋಡಿಲ್ಲ. ಕುದುರೆ ವ್ಯಾಪಾರದವನು ಹಲ್ಲು ನೋಡಬಹುದು, ಆಣೆ ಹಾಕಿದವನ ಹಲ್ಲು ನೋಡಬಾರದು. ಸುಳ್ಳಾದರೆ ಹಾಕಿದವನಿಗೆ ತಟ್ಟುತ್ತದೆ, ನಮಗೇನು?

ಇನ್ನೊಂದು ಮಾತು. ಸುಂಟಿಕೊಪ್ಪದ ರಸ್ತೆ ಬದಿಯಲ್ಲಿ ಪದ್ಮಯ್ಯನ ಮಗಳು ಲಾರಿಯಡಿ ಕಾಲು ಚಾಚಿ ಮಲಗಿದ್ದಾಳೆ ಎಂದು ಬಸ್ಸಿನಲ್ಲಿ ಹೋಗುವವರೆಲ್ಲ ನೋಡುವುದು ನನಗೆ ಬೇಡ. ಲಾರಿ ಓಡಿಸು, ಅದಕ್ಕೆ ಬೇಡ ಎಂದವನಲ್ಲ. ಅಡಿಗೆ ಹೋಗಬೇಡ.

ಇಲ್ಲಿ ಕಾಫಿ ಕೊಯ್ಯುವ ಪಿಕಿಂಗ್ ಶುರುವಾಗುವುದರಲ್ಲಿದೆ. ಬೆಳಿಗ್ಗೆ ಕೂಲಿ ಲೈನಿನ ಹೆಂಗಸರನ್ನು ಜೀಪಿನಲ್ಲಿ ತೋಟಕ್ಕೆ ಬಿಡುವುದು, ಸಂಜೆ ಕರೆತರುವುದು, ನಡುವೆ ಕಾಫಿ ಮೂಟೆ. ಪುರುಸೊತ್ತಿಲ್ಲ.

ಅಪ್ಪ

*

ನಾಪೋಕ್ಲು
2 ಡಿಸೆಂಬರ್ 2024

ಅಪ್ಪನಿಗೆ,

ಹೋದೆ. ಮಲಗಿದೆ. ಬಸ್ಸಿನವರೂ ನೋಡಿದರು. ಯಾರ ಮಾನವೂ ಉದುರಿ ರಸ್ತೆಗೆ ಬೀಳಲಿಲ್ಲ.

ಜೊತೆಗೆ ಆನಂದ್ ಬಂದಿದ್ದ, ನನ್ನ ಪಿಕಪ್ ರಿಪೇರಿ ಮಾಡುವವನು. ಪರಮೇಶಪ್ಪನವರು ಜಗಲಿಯ ಮೇಲೆ ಕಾಫಿ ಕುಡಿಯುತ್ತಾ ಕೂತಿದ್ದರು. ನಾನು ಗೋಣಿ ಹಾಸುವುದನ್ನು ನೋಡಿ, "ಏನಮ್ಮಾ, ಲಾರಿ ತಗೊಳಕ್ಕೆ ಬಂದ್ಯಾ, ಪೋಸ್ಟ್‌ಮಾರ್ಟಮ್ ಮಾಡಕ್ಕೆ ಬಂದ್ಯಾ?" ಅಂದರು. "ಸತ್ತಿದ್ರೆ ಪೋಸ್ಟ್‌ಮಾರ್ಟಮ್, ಬದುಕಿದ್ರೆ ವ್ಯಾಪಾರ, ನೋಡುವ," ಅಂದೆ. ಅವರು ನಕ್ಕರು. ಆ ನಗು ಹೆಚ್ಚು ಹೊತ್ತು ಇರಲಿಲ್ಲ.

ಲಾರಿಯ ಅಡಿಯೆಲ್ಲ ಹಳೇ ಕೆಸರು ಮೆತ್ತಿಕೊಂಡಿದೆ, ಗೇರ್‌ಬಾಕ್ಸಿನ ಬೋಲ್ಟುಗಳು ಮಾತ್ರ ಮೊನ್ನೆ ತೊಳೆದ ಪಾತ್ರೆಯ ಹಾಗೆ ಹೊಳೆಯುತ್ತವೆ. ಸಂದಿನಲ್ಲಿ ಹೊಸ ಗಮ್ಮು ಉಕ್ಕಿ ಒಣಗಿದೆ. ಬಿಚ್ಚಿಯೇ ಇಲ್ಲ ಎಂದು ಅವರು ಪೇಟೆಯಲ್ಲೆಲ್ಲ ಹೇಳಿಕೊಂಡು ಬಂದ ಗೇರ್‌ಬಾಕ್ಸು ಅದು. ಶಾಫ್ಟನ್ನು ಹಿಡಿದು ತಿರುಚಿದರೆ ಜಾಯಿಂಟು ಟಕ್ ಟಕ್ ಅಂತ ಆಡುತ್ತದೆ. ಆಮೇಲೆ ಆನಂದ್ ಹೌಸಿಂಗಿನ ಅಡಿಯ ಮುಚ್ಚಳ ಸಡಿಲಿಸಿದ. ಅಪ್ಪ, ಎಣ್ಣೆ ಸುರಿಯಬೇಕಲ್ಲ? ಸುರಿಯಲಿಲ್ಲ. ಮುದ್ದೆ ಮುದ್ದೆಯಾಗಿ ಬಿತ್ತು. ಸದ್ದು ಮುಚ್ಚಲಿಕ್ಕೆ ಎಣ್ಣೆಗೆ ಗ್ರೀಸ್ ಕಲಸಿ ತುಂಬಿದ್ದಾರೆ. ಬೆರಳಲ್ಲಿ ಉಜ್ಜಿ ಬಿಸಿಲಿಗೆ ಹಿಡಿದರೆ ಕಬ್ಬಿಣದ ಪುಡಿ ಮಿಣಮಿಣ ಅನ್ನುತ್ತದೆ. ಕ್ರೌನಿನ ಹಲ್ಲು ತೇಯ್ದು ಬಂದ ಪುಡಿ.

ಓಡಿಸಿಯೂ ನೋಡಿದೆ. ಬೋಯಿಕೇರಿಗೆ ಹತ್ತುವಾಗ ಸುಮ್ಮನಿತ್ತು. ಇಳಿಯುವಾಗ ಮೂರನೇ ಗೇರಿನಲ್ಲಿಟ್ಟು ಕಾಲು ತೆಗೆದೆ ನೋಡಿ, ಗೇರಿನ ಕೋಲು ನನ್ನ ಕೈಗೆ ಫಟ್ಟನೆ ಹೊಡೆದು ತಾನೇ ನ್ಯೂಟ್ರಲ್ಲಿಗೆ ಬಂತು. ಲಾರಿ ಖಾಲಿ ಇತ್ತು, ಬ್ರೇಕು ಹಿಡಿಯಿತು. ಕಾಫಿ ತುಂಬಿದ್ದರೆ ನನ್ನನ್ನು ನೀವು ಬೋಯಿಕೇರಿಯ ಕೆಳಗಿನ ತೋಟದಲ್ಲಿ ಹುಡುಕಬೇಕಿತ್ತು. ಆಣೆ ಸುಳ್ಳಾದರೆ ಹಾಕಿದವನಿಗೆ ತಟ್ಟುತ್ತದೆ ಅಂದಿರಿ. ಗೇರು ಬಿಟ್ಟುಕೊಂಡರೆ ಓಡಿಸುವವಳಿಗೆ ತಟ್ಟುತ್ತದೆ.

ಆಣೆಯ ವಿಷಯವೂ ಒಂದು ಹೇಳುತ್ತೇನೆ, ನಿಮಗೆ ಸಿಟ್ಟು ಬಂದರೆ ಬರಲಿ. ಪರಮೇಶಪ್ಪನವರ ಮನೆದೇವರು ಜಿಲ್ಲೆಯಾಚೆ ಹಾಸನದ ಕಡೆ ಇದೆ. ನಮ್ಮವರ ಎದುರು ಮಾತ್ರ ಅವರಿಗೆ ಇಗ್ಗುತ್ತಪ್ಪನ ನೆನಪಾಗುತ್ತದೆ. ಪಕ್ಕದ ಮನೆಯ ಕೋಳಿಯನ್ನು ಹರಕೆಗೆ ಬಿಡುವುದು ಯಾರಿಗೆ ಕಷ್ಟ?

ನಾನು ನೇರವಾಗಿ ಕೇಳಿದೆ, "ಎಲ್ಲ ಹೊಸತು ಅಂತ ಆಣೆ ಹಾಕಿದ್ರಂತೆ?" ಅವರು ಲೋಟ ಕೆಳಗಿಟ್ಟು ಹೇಳಿದ್ದು ಇದು, ಒಂದಕ್ಷರ ಬಿಡದೆ ಬರೆಯುತ್ತೇನೆ: "ಯಾರಮ್ಮಾ ಹಂಗಂದಿದ್ದು? ಇದ್ದದ್ದು ಇದ್ದಂಗೆ ಹೇಳ್ತೀನಿ ಅಂತ ಆಣೆ ಹಾಕ್ದೆ. ಕ್ರೌನು ಹೋಗಿದೆ, ಗೇರು ಬಿಡ್ತದೆ, ಎಲ್ಲಾನೂ ನಿಮ್ಮಪ್ಪನ ಎದುರಿಗೇ ನಿಂತು ಹೇಳಿದೀನಿ. ಪದ್ಮಯ್ಯ ತಲೆ ಆಡಿಸ್ದ, ಆಗ್ಲಿ ಅಂದ, ಅಡ್ವಾನ್ಸ್ ಕೊಟ್ಟ. ಈಗ ವಾಪಸ್ ಅಂದ್ರೆ ಹೆಂಗೆ? ಅವನನ್ನೇ ಕೇಳು, ಅವನೇ ಸಾಕ್ಷಿ."

ಅದಕ್ಕೇ ಕೇಳುತ್ತಿದ್ದೇನೆ. ಅವರು ನಿಮಗೆ ಏನು ಹೇಳಿದರು?

ಮೋಕ್ಷಿತಾ

*

ಕುಟ್ಟ
9 ಡಿಸೆಂಬರ್ 2024

ಮೋಕ್ಷಿಗೆ,

ಅವರು ಹೇಳುವುದನ್ನು ಹೇಳಿದರು. ನಾನು ತಿಳಿದುಕೊಳ್ಳುವುದನ್ನು ತಿಳಿದುಕೊಂಡೆ. ದೊಡ್ಡವರ ನಡುವೆ ಆದ ಮಾತನ್ನು ಕೋರ್ಟಿನ ಹಾಗೆ ಕೆದಕಬೇಡ.

ಲಾರಿ ಬಿಡಿಸಿಕೋ. ಹೌಸಿಂಗ್ ಕೆಲಸ, ಗೇರ್‌ಬಾಕ್ಸ್ ಕೆಲಸ ನನ್ನ ಸಂಬಳದಲ್ಲಿ ನಾನು ಮಾಡಿಸಿಕೊಡುತ್ತೇನೆ. ಹುತ್ತರಿಗೆ ಬರುತ್ತೇನೆ. ಹಬ್ಬದ ಮನೆಯಲ್ಲಿ ಈ ಮಾತು ಎತ್ತಿದರೆ ನಾನು ಬಂದ ಬಸ್ಸಿನಲ್ಲೇ ತಿರುಗಿ ಹೋಗುವವನು.

ಅಪ್ಪ

*

ನಾಪೋಕ್ಲು
20 ಡಿಸೆಂಬರ್ 2024

ಅಪ್ಪನಿಗೆ,

ಹಬ್ಬದ ಮನೆಯಲ್ಲಿ ಮಾತು ಎತ್ತಲಿಲ್ಲ. ಈಗ ಎತ್ತುತ್ತೇನೆ. ಸಿಟ್ಟು ಬಂದರೆ ಕಾಗದ ಹರಿಯಿರಿ, ಆದರೆ ಪೂರ್ತಿ ಓದಿ ಹರಿಯಿರಿ.

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ನೀವು ಬರೆದದ್ದನ್ನು ನಾನು ಎಷ್ಟೋ ಸಲ ಓದಿದೆ. ಮಗಳಿಗೆ ಸುಳ್ಳು ಹೇಳುವವರಲ್ಲ ನೀವು. ಪರಮೇಶಪ್ಪನವರು ಕ್ರೌನು ಹೋಗಿದೆ ಎಂದಿದ್ದರೆ ನೀವು ಅಡ್ವಾನ್ಸ್ ಕೊಡುವವರೂ ಅಲ್ಲ. ಹಾಗಾದರೆ ಇದೇನು ಎಂದು ಯೋಚಿಸುತ್ತಲೇ ಇದ್ದೆ. ಹುತ್ತರಿಯ ದಿನ ಗೊತ್ತಾಯಿತು.

ಗದ್ದೆಯಲ್ಲಿ ಕದಿರು ತೆಗೆಯುವಾಗ ವಸಂತ ಚಿಕ್ಕಪ್ಪ ನಿಮ್ಮ ಬೆನ್ನ ಹಿಂದೆಯೇ ಕೋವಿ ಹಾರಿಸಿದರು. ಮಕ್ಕಳು ಹಾರಿಬಿದ್ದರು, ನಾಯಿ ಓಡಿತು. ನೀವು ತಿರುಗಲೂ ಇಲ್ಲ. ಆಮೇಲೆ ಎಲ್ಲರೂ "ಪೊಲಿ ಪೊಲಿ" ಎಂದು ಕೂಗುತ್ತಾ ಮನೆಗೆ ಬಂದೆವಲ್ಲ, ಅಂಗಳಕ್ಕೆ ಬಂದು ಎಲ್ಲರೂ ನಿಲ್ಲಿಸಿದ ಮೇಲೂ ನೀವೊಬ್ಬರೇ ಕೂಗುತ್ತಿದ್ದಿರಿ. ಅಮ್ಮ ತೋಳು ಮುಟ್ಟಿದ ಮೇಲೆ ಸುಮ್ಮನಾದಿರಿ. ಆಮೇಲೆ ಸುತ್ತ ನೋಡಿ ನಕ್ಕಿರಿ.

ಅಪ್ಪ, ನಿಮಗೆ ಕಿವಿ ಕೇಳುವುದಿಲ್ಲ.

ಅಮ್ಮನಿಗೆ ಗೊತ್ತಿತ್ತಂತೆ. "ಬಾಯಿ ಬಿಡ್ಬೇಡ, ಅಪ್ಪನ ಕೆಲ್ಸ ಹೋದು," ಎಂದು ನನ್ನ ಬಾಯಿ ಮುಚ್ಚಿಸಲು ನೋಡಿದರು. ಕುಟ್ಟದ ಟವರಿನ ಕಥೆಯೂ ಇದೇ ತಾನೆ? ಪರಮೇಶಪ್ಪನವರ ಜಗಲಿಯಲ್ಲಿ ನೀವು ಅವರ ಬಾಯಿ ನೋಡಿದಿರಿ, ದೇವರ ಹೆಸರಿಗೆ ಅವರು ಕೈಯೆತ್ತಿದ್ದು ನೋಡಿದಿರಿ, ತಲೆಯಾಡಿಸಿದಿರಿ. ಮೂವತ್ತು ವರ್ಷ ನಿಮ್ಮನ್ನು ನೋಡಿದ ಅವರಿಗೆ ನಿಮ್ಮ ಕಿವಿಯ ವಿಷಯ ಗೊತ್ತು. ಗೊತ್ತಿದ್ದೇ ನಿಮ್ಮನ್ನು ಸಾಕ್ಷಿ ಮಾಡಿಕೊಂಡರು. ಅಂದು ಅವರು ಏನಂದರು ಎಂದು ದೇವರಿಗೇ ಗೊತ್ತು. ಇಂದು ಅವರು ಏನು ಹೇಳಿದರೂ ಅದೇ ಸತ್ಯ, ಯಾಕೆಂದರೆ ನೀವು ಇಲ್ಲ ಅನ್ನುವಂತಿಲ್ಲ.

ಕಿವಿ ಹೋದದ್ದಕ್ಕೆ ನನಗೆ ಸಿಟ್ಟಿಲ್ಲ. ಅವರ ಹಳೇ ಲಾರಿಗಳ ಎಂಜಿನ್ನು ಮೂವತ್ತು ವರ್ಷ ನಿಮ್ಮ ಮೊಣಕಾಲ ಪಕ್ಕದಲ್ಲೇ ಬೊಬ್ಬೆ ಹೊಡೆಯಿತು, ಕಿವಿ ಹೋಗದೆ ಇನ್ನೇನಾಗುತ್ತದೆ? ಸಿಟ್ಟು ಬಂದದ್ದು ಯಾತಕ್ಕೆಂದರೆ, ಆ ಗುಟ್ಟು ಉಳಿಸಲಿಕ್ಕೆ ತೇಯ್ದ ಕ್ರೌನಿನ ಲಾರಿಯನ್ನು ನನಗೆ ಕಟ್ಟಲು ಹೊರಟಿರಲ್ಲ, ಅದಕ್ಕೆ. ಇನ್ನೂ ಒಂದಕ್ಕೆ. ದಿನಾ ಬೆಳಿಗ್ಗೆ ಜೀಪಿನ ಹಿಂದೆ ಲೈನಿನ ಹೆಂಗಸರು ಕೂರುತ್ತಾರೆ, ಒಬ್ಬೊಬ್ಬರ ಮಡಿಲಲ್ಲಿ ಕೂಸು. ಯಾರಾದರೂ ಜಾರಿ "ನಿಲ್ಸಿ" ಎಂದು ಕೂಗಿದರೆ ಯಾರು ಕೇಳಬೇಕು?

ನಿಮ್ಮ ಕೆಲಸ ಹೋಗಬಹುದು. ನನಗೆ ಗೊತ್ತಿದೆ, ಗೊತ್ತಿದ್ದೂ ಬರೆದಿದ್ದೇನೆ. ಜನವರಿ ಹನ್ನೆರಡು, ಭಾನುವಾರ, ನಾನು ಸುಂಟಿಕೊಪ್ಪಕ್ಕೆ ಹೋಗಿ ಅಡ್ವಾನ್ಸ್ ವಾಪಸು ಕೇಳುತ್ತೇನೆ. ನೀವು ಬಂದರೆ ಬನ್ನಿ. ಬಾರದಿದ್ದರೆ ಒಬ್ಬಳೇ ಹೋಗಿ ಜಗಳ ಆಡುತ್ತೇನೆ, ಸೋತರೆ ಸೋತೆ. ಆ ಲಾರಿಯನ್ನಂತೂ ಓಡಿಸುವುದಿಲ್ಲ.

ಮೋಕ್ಷಿತಾ

*

ಕುಟ್ಟ
13 ಜನವರಿ 2025

ಮೋಕ್ಷಿ,

ನಿನ್ನ ಕಾಗದ ಬಂದ ಮೇಲೆ ಮೂರು ವಾರ ನಾನು ಉತ್ತರ ಬರೆಯಲಿಲ್ಲ. ಮೊದಲ ವಾರ ನಿನ್ನನ್ನು ಬೈದೆ. ಎರಡನೇ ವಾರ ನನ್ನನ್ನು ಬೈದುಕೊಂಡೆ. ಆಮೇಲೆ ಒಂದು ಸಂಜೆ ಜೀಪಿನಿಂದ ಇಳಿದ ಹೆಂಗಸೊಬ್ಬಳು ನನ್ನ ಭುಜಕ್ಕೆ ಹೊಡೆದು ಹಿಂದೆ ತೋರಿಸಿದಳು. ಹಿಂದಿನ ಬಾಗಿಲು ದಾರಿಯುದ್ದಕ್ಕೂ ತೆರೆದೇ ಇತ್ತಂತೆ. ಎಲ್ಲರೂ ಬಾಯಿ ನೋಯುವಷ್ಟು ಕೂಗಿದ್ದರಂತೆ. ಯಾರೂ ಬೀಳಲಿಲ್ಲ. ಆ ರಾತ್ರಿ ನಿನ್ನ ಕಾಗದ ತೆಗೆದು ಮತ್ತೊಮ್ಮೆ ಓದಿದೆ.

ನಿನ್ನೆ ಸುಂಟಿಕೊಪ್ಪದಲ್ಲಿ ನನ್ನನ್ನು ನೋಡಿ ನೀನು ಬಾಯಿ ತೆರೆದು ನಿಂತದ್ದು ಕಂಡಿತು. ಬರುತ್ತೇನೆಂದು ನನಗೂ ಖಾತ್ರಿ ಇರಲಿಲ್ಲ. ಸಂತೆಯ ದಿನವೇ ಆದದ್ದು ಒಳ್ಳೆಯದಾಯಿತು. ಜನ ಇಲ್ಲದಿದ್ದರೆ ನಾನು ಜಗಲಿ ಹತ್ತಿ ಕಾಫಿ ಕುಡಿದು, ತಲೆಯಾಡಿಸಿ ಬಂದುಬಿಡುತ್ತಿದ್ದೆ.

ನಾನು ಹೇಳಿದ್ದು ನನಗೆ ಗೊತ್ತು. "ಧಣಿ, ನಂಗೆ ಕಿವಿ ಕೇಳುದಿಲ್ಲ. ಅವತ್ತು ನೀವು ಹೇಳಿದ್ದು ಒಂದೂ ಕೇಳಿಲ್ಲ. ನಾಚಿಕೆಗೆ ತಲೆ ಆಡಿಸಿದ್ದು. ಈಗ ಇವರೆಲ್ಲರ ಎದುರು ಇನ್ನೊಂದ್ಸಲ ಆಣೆ ಹಾಕಿ. ಹೌಸಿಂಗಿನ ಮೇಲೆ ಕೈ ಇಟ್ಟು, ನಿಮ್ಮ ಮನೆದೇವರ ಹೆಸರಲ್ಲಿ, ಜೋರಾಗಿ ಹಾಕಿ." ಇಷ್ಟು ಹೇಳಿದೆ. ಎಷ್ಟು ಜೋರಾಗಿ ಹೇಳಿದೆನೋ ಗೊತ್ತಿಲ್ಲ. ಕೋಳಿ ಮಾರುವವರು, ಮೀನಿನವರು, ಬಸ್ಸಿಗೆ ನಿಂತವರು, ಎಲ್ಲರೂ ತಿರುಗಿದ್ದು ಕಂಡಿತು. ಮೂವತ್ತು ವರ್ಷದಲ್ಲಿ ಆ ಮನುಷ್ಯನ ಎದುರು ನಾನು ತಲೆ ಎತ್ತಿ ನಿಂತದ್ದು ಅದೇ ಮೊದಲು. ಹಿತವಾಯಿತು.

ಅವರ ಬಾಯಿ ಮೂರು ಸಲ ಅಲ್ಲಾಡಿತು. ಮೂರು ಸಲವೂ ನಾನು "ಜೋರಾಗಿ" ಅಂದೆ. ಮೊದಲ ಸಲ ಕೈ ಬೀಸಿ ಕರೆದ ಹಾಗಿತ್ತು. ಎರಡನೇ ಸಲ ಹುಬ್ಬು ಗಂಟಿಕ್ಕಿತು. ಮೂರನೇ ಸಲ ಮುಖ ಸಣ್ಣದಾಯಿತು. ಬಾಯಿ ಏನು ಆಡಿದರೂ ಕಣ್ಣು ಮಾತ್ರ ಆ ಹೌಸಿಂಗಿನ ಕಡೆಗೇ ಹೋಗಿ ಬರುತ್ತಿತ್ತು. ಆಣೆ ಸುಳ್ಳೆಂದು ನನಗೆ ಗೊತ್ತಾದದ್ದು ಆಗ. ಅವರು ಒಳಗೆ ಹೋದರು. ನನ್ನ ಬಸ್ಸು ಹೊರಟಿತ್ತು, ಓಡಿದೆ. ನೀನು ಕೂಗಿರಬಹುದು.

ಸುಂಟಿಕೊಪ್ಪ ಸಂತೆಯಲ್ಲಿ ಆಡಿದ ಮಾತು ಕುಟ್ಟಕ್ಕೆ ಬರಲು ಹೊತ್ತು ಬೇಡ. ಬೇರೆಯವರ ಬಾಯಲ್ಲಿ ಬರುವ ಮೊದಲು ನಾನೇ ಇವತ್ತು ಮ್ಯಾನೇಜರಿಗೆ ಹೇಳಿ ಜೀಪಿನ ಕೀಲಿ ಮೇಜಿನ ಮೇಲಿಟ್ಟೆ. ಕಣದಲ್ಲಿ ಕಾಫಿ ಕಾಯುವ ಕೆಲಸ ಇದೆ ಎಂದು ಕಾಗದದಲ್ಲಿ ಬರೆದು ತೋರಿಸಿದರು. ಒಳ್ಳೆಯವರು. ನಾನು ಬೇಡ ಅಂದೆ. ಕೋಲು ಹಿಡಿದು ಕೋತಿ ಓಡಿಸಲು ನನಗೆ ಮನಸ್ಸಿಲ್ಲ. ಬೇರೇನು ಮಾಡಬೇಕು, ಅದೂ ಗೊತ್ತಿಲ್ಲ. ಶುಕ್ರವಾರದವರೆಗೆ ರೂಮು ಬಿಡಬೇಕಾಗಿಲ್ಲ.

ಪರಮೇಶಪ್ಪನವರು ಮೂರು ಸಲ ಏನು ಹೇಳಿದರು? ಬರೆ. ನನಗೆ ತಿಳಿಯಬೇಕು.

ಅಪ್ಪ

*

ನಾಪೋಕ್ಲು
15 ಜನವರಿ 2025

ಅಪ್ಪ,

ಕೂಗಿದೆ. ಬಸ್ಸಿನ ಹಿಂದೆ ಪೆಟ್ರೋಲ್ ಬಂಕಿನವರೆಗೆ ಓಡಿದೆ. ಆಮೇಲೆ ರಸ್ತೆ ಬದಿಯಲ್ಲೇ ನಿಂತು ಅತ್ತೆ. ಯಾರು ನೋಡಿದರೋ, ನೋಡಲಿ.

ಅಡ್ವಾನ್ಸ್ ವಾಪಸು ಬಂತು. ಅವರೇ ಒಳಗಿನಿಂದ ತಂದು ಬಾನೆಟ್ಟಿನ ಮೇಲಿಟ್ಟು, ನನ್ನ ಮುಖ ನೋಡದೆ ಹೋದರು. ಗ್ರೀಸಿನ ಕಥೆ ನನ್ನಿಂದ ಕೇಳಿದ್ದ ಮೀನಿನವನೊಬ್ಬ, "ಲಾರಿ ಇರ್ಲಿ, ಆ ಗ್ರೀಸ್ ಎಷ್ಟಕ್ಕೆ ಕೊಡ್ತೀರಿ ಪರಮೇಶಪ್ಪಣ್ಣ?" ಎಂದು ಕೇಳಿದ. ಸಂತೆಗೆ ಸಂತೆಯೇ ನಕ್ಕಿತು.

ಅವರು ಹೇಳಿದ್ದು ಬರೆಯುತ್ತೇನೆ. ಮೊದಲ ಸಲ: "ಬಾ ಪದ್ಮಯ್ಯ, ಒಳಗೆ ಕೂತ್ಕೊಂಡು ಮಾತಾಡಣ." ಎರಡನೇ ಸಲ: "ಮಗಳ ಮಾತು ಕೇಳ್ಕೊಂಡು ಕುಣಿತಿದೀಯ, ನಾಳೆ ನಿಂಗೆ ಯಾರು ಗತಿ?"

ಮೂರನೆಯದನ್ನು ಬರೆಯಬಾರದು ಅಂದುಕೊಂಡಿದ್ದೆ. ಅವರು ದನಿ ತಗ್ಗಿಸಿ ಹೇಳಿದರು: "ನಿನ್ನ ದಿಬ್ಬಣ ನನ್ನ ಲಾರಿಲಿ ಹೋಗಿದ್ದು ಕಣಯ್ಯ. ಗಂಗಮ್ಮನ್ನ ಮನೆ ತುಂಬಿಸ್ಕೊಂಡ ದಿನ ಸ್ಟೇರಿಂಗ್ ಹಿಡಿದವ್ನು ನಾನು. ಇಷ್ಟು ಜನದ ಮುಂದೆ ನನ್ನ ಮಾನ ತೆಗಿಬೇಡ." ಅವರ ಕಣ್ಣು ಒದ್ದೆಯಾಗಿತ್ತು. ಅದು ನಾಟಕ ಅಲ್ಲ. ನಿಮಗೆ ಕೇಳಿಸಿದ್ದರೆ ನೀವು ಅಲ್ಲೇ ಕರಗಿ, ಆ ಲಾರಿಯನ್ನೇ ಮನೆಗೆ ತರುತ್ತಿದ್ದಿರಿ.

ನಾನು ನಿಮ್ಮ ಪಕ್ಕದಲ್ಲೇ ಇದ್ದೆ. ಕಿವಿಗೆ ಬಾಯಿಟ್ಟು ಹೇಳಬಹುದಿತ್ತು. ಬೇಕೆಂದೇ ಹೇಳಲಿಲ್ಲ. ಅವರು ಜಗಲಿಯಲ್ಲಿ ಮಾಡಿದ್ದನ್ನು ಆ ಒಂದು ನಿಮಿಷ ನಾನೂ ಮಾಡಿದೆ. ಅದಕ್ಕೇ ಈಗ ಬರೆದಿದ್ದೇನೆ. ಇದನ್ನು ಓದಿ ಸುಂಟಿಕೊಪ್ಪಕ್ಕೆ ಹೋಗಿ ಅವರ ಹತ್ತಿರ ಎರಡು ಮಾತಾಡಬೇಕು ಅನ್ನಿಸಿದರೆ ಹೋಗಿ, ನಾನು ಅಡ್ಡ ಬರುವುದಿಲ್ಲ. ಲಾರಿ ಮಾತ್ರ ತರಬೇಡಿ.

ಏನು ಮಾಡಬೇಕು ಗೊತ್ತಿಲ್ಲ ಅಂದಿರಿ. ಶುಕ್ರವಾರ ಟ್ರಂಕು ಸಮೇತ ಬನ್ನಿ. ಶನಿವಾರ ಹುಣಸೂರಿನಲ್ಲಿ ಇನ್ನೊಂದು ಲಾರಿ ನೋಡಲಿಕ್ಕಿದೆ. ಆನಂದ್ ಸ್ಪ್ಯಾನರ್ ತರುತ್ತಾನೆ, ನಾನು ಅಡಿಗೆ ಮಲಗುತ್ತೇನೆ. ಮಾರುವವನು ನನ್ನ ತಲೆಯ ಮೇಲೆ ನಿಂತು ಗೇರ್‌ಬಾಕ್ಸು ಹಾಗೆ, ಕ್ರೌನು ಹೀಗೆ ಎಂದು ಬಡಬಡಿಸುತ್ತಲೇ ಇರುತ್ತಾನೆ. ಅವನ ಮಾತು ನಾನು ಕೇಳಿಕೊಳ್ಳುತ್ತೇನೆ. ಅಡಿಯಿಂದ ನನಗೆ ಅವನ ಚಪ್ಪಲಿ ಮಾತ್ರ ಕಾಣುವುದು. ನೀವು ಎದುರಿಗೆ ನಿಂತು ಅವನ ಕಣ್ಣು ಎಲ್ಲಿಗೆ ಹೋಗುತ್ತದೆ ನೋಡಿ.

ಅಮ್ಮ ಅಕ್ಕಿ ತೆಗೆದಿಟ್ಟಿದ್ದಾರೆ, ಶುಕ್ರವಾರದ ಕಡುಬಿಗೆ.

ಮೋಕ್ಷಿ